ಬರ್ತೀನಿ ಅಂದವಳು

ಅರಸೀಕೆರೆ,
ಅರವತ್ತೊಂದನೆಯ ಸಂವತ್ಸರ, ಅಧಿಕ ಸೋಮವಾರ

ಹಿರಿಯರೇ,

ಮೇಲಿನ ತಾರೀಖು ನೋಡಿ ಈ ಹೆಂಗಸಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಿಮ್ಮ ಪಂಚಾಂಗದಲ್ಲಿ ಸಂವತ್ಸರಗಳು ಅರವತ್ತೇ ಎಂದು ನನಗೂ ಗೊತ್ತು. ಕ್ಷಯ ಮುಗಿದ ಮೇಲೆ ಮತ್ತೆ ಪ್ರಭವದಿಂದ ಶುರುವಾಗಬೇಕು. ನಮ್ಮಲ್ಲಿ ಕ್ಷಯ ಮುಗಿಯಿತು, ಪ್ರಭವ ಬರಲಿಲ್ಲ. ಕೆಲಸ ಕೊಡುವವರ ವರ್ಷಕ್ಕೂ ನಮ್ಮ ಯುಗಾದಿಗೂ ತಾಳೆಯಾಗದೆ, ಸರಿದೂಗಿಸಲು ನಡುವೆ ಒಂದು ವರ್ಷ ತುರುಕಿದರು. ಅದಕ್ಕೊಂದು ಹೆಸರಿಡುವ ತಾಳ್ಮೆ ಯಾರಿಗೂ ಇರಲಿಲ್ಲ. ಅಧಿಕ ಸೋಮವಾರದ ಕಥೆಯೂ ಅಷ್ಟೇ. ನಮಗೆ ಭಾನುವಾರ ಮುಗಿಯುವಷ್ಟರಲ್ಲಿ ಭೂಮಿಯ ಇನ್ಯಾವುದೋ ಮೂಲೆಯಲ್ಲಿ ಸೋಮವಾರ ಶುರುವಾಗಿರುತ್ತದಲ್ಲ, ಹಾಗಾಗಿ ಭಾನುವಾರವನ್ನೇ ಕಿತ್ತು ಆ ಜಾಗಕ್ಕೆ ಇನ್ನೊಂದು ಸೋಮವಾರ ನೆಟ್ಟರು. ಅಧಿಕ ಮಾಸದಲ್ಲಿ ಶುಭಕಾರ್ಯ ಮಾಡಬಾರದು ಎಂದು ನಿಮ್ಮಲ್ಲಿ ಇತ್ತಂತೆ. ಅಧಿಕ ಸೋಮವಾರ ಕೂಲಿ ಬಿಟ್ಟು ಬೇರೇನೂ ಮಾಡಬಾರದು ಎಂಬುದು ನಮ್ಮಲ್ಲಿ ಇದೆ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಅರ್ಥ ಹೇಳುತ್ತಾ ಹೋಗುತ್ತೇನೆ.

ನನ್ನ ಹೆಸರು ಹಾಲಮ್ಮ. ಅರಸೀಕೆರೆ ಜಂಕ್ಷನ್ನಿನ ಹಿಂದಿನ ಬೀದಿಯಲ್ಲಿ ಮಗಳು, ಅಳಿಯ, ಮೊಮ್ಮಗಳ ಜೊತೆ ಇದ್ದೇನೆ. ಜಂಕ್ಷನ್ ಎಂಬುದು ಹೆಸರಿಗೆ ಮಾತ್ರ. ರೈಲು ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಸಾಮಾನು ಓಡಾಡುತ್ತದೆ, ಜನ ಓಡಾಡುವುದಿಲ್ಲ. ಹೋಗುವುದಾದರೂ ಎಲ್ಲಿಗೆ? ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಮ್ಮ ಕಾಲದ ಒಂದು ಕೆಂಪು ಅಂಚೆಪೆಟ್ಟಿಗೆ ಉಳಿದಿದೆ. ಅದರ ಬೀಗದ ಕೈ ಯಾರ ಹತ್ತಿರವೂ ಇಲ್ಲ. ಹಿಂದಿನವರಿಗೆ ಏನಾದರೂ ಹೇಳಬೇಕು ಅನಿಸಿದವರು ಕಾಗದ ಬರೆದು ಅದರೊಳಗೆ ಹಾಕಿ ಬರುತ್ತಾರೆ. ಇದಕ್ಕೆ ಹಿಂದಂಚೆ ಎನ್ನುತ್ತೇವೆ. ತಲುಪುತ್ತದೆ ಎಂದು ಕೆಲವರು ಆಣೆ ಮಾಡಿ ಹೇಳುತ್ತಾರೆ. ನೀವು ಮಾಡಿದ್ದನ್ನೆಲ್ಲ ನೋಡಿದರೆ ಇದುವರೆಗೆ ಒಂದೂ ತಲುಪಿದ ಹಾಗೆ ಕಾಣುವುದಿಲ್ಲ.

ಮೊದಲು ನಮ್ಮ ಕೆಲಸ ಎಂಥದ್ದು ಎಂದು ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಮನೆಯಿಂದ ಕೆಲಸ ಅಂದರೆ ಒಂದು ಮೇಜು, ಒಂದು ಪರದೆ, ಹತ್ತು ಬೆರಳು. ಪರದೆಯ ಮೇಲಿನ ಕೆಲಸವನ್ನೆಲ್ಲ ಯಂತ್ರವೇ ನುಂಗಿ ನೀರು ಕುಡಿಯಿತು. ಮನುಷ್ಯರ ಪಾಲಿಗೆ ಉಳಿದದ್ದು ಮುಟ್ಟಿ ತಿಳಿಯುವ ಕೆಲಸ ಒಂದೇ. ಮುದುಕರಿಗೆ ಸ್ನಾನ ಮಾಡಿಸುವುದು, ಅಳುವ ಮಗುವಿನ ಬೆನ್ನು ತಟ್ಟುವುದು, ಹೀರೇಕಾಯಿ ಎಳೆಯದೋ ಬಲಿತದ್ದೋ ಎಂದು ಉಗುರು ಒತ್ತಿ ನೋಡುವುದು. ಇದಕ್ಕೆಂದು ಮೊಣಕೈವರೆಗೆ ಬರುವ ಒಂದು ಗವಸು ಇದೆ. ಇಲ್ಲಿ ಗವಸಿನೊಳಗೆ ನಾವು ಬೆರಳು ಮಡಚಿದರೆ ಸಾವಿರಾರು ಮೈಲಿಯಾಚೆ ಇನ್ನೊಂದು ಕೈ ಬೆರಳು ಮಡಚುತ್ತದೆ; ಅಲ್ಲಿ ಅದು ಮುಟ್ಟಿದ್ದು ಇಲ್ಲಿ ನಮಗೆ ತಿಳಿಯುತ್ತದೆ. ಇದನ್ನು ಪರಗೈ ಎನ್ನುತ್ತೇವೆ. ನಾನೂ ಬಹಳ ವರ್ಷ ಪರಗೈ ತೊಟ್ಟು ಎಲ್ಲಿಯದೋ ಹೋಟೆಲಿಗೆ ಈರುಳ್ಳಿ ಹೆಚ್ಚಿದವಳು. ನಮ್ಮ ಕಾಲದ ಗವಸು ಒರಟು, ಅದರಲ್ಲಿ ಬಿಸಿ ತಣ್ಣಗೆ ಏನೂ ತಿಳಿಯುತ್ತಿರಲಿಲ್ಲ. ಕೈ ನಡುಗಲು ಶುರುವಾದ ಮೇಲೆ ನನ್ನನ್ನು ಬಿಟ್ಟುಬಿಟ್ಟರು. ಕೈ ಕೆಸರಾದರೆ ಬಾಯಿ ಮೊಸರು ಅಂತೀರಲ್ಲ, ನಮ್ಮಲ್ಲಿ ಕೈ ಇಲ್ಲಿ, ಕೆಸರು ಅಲ್ಲಿ, ಮೊಸರು ಯಾರ ಬಾಯಿಗೋ ದೇವರೇ ಬಲ್ಲ.

ಮೊದಮೊದಲು ನಿಮಗೆ ಬಹಳ ಖುಷಿಯಾಯಿತು ಎಂದು ಕೇಳಿದ್ದೇನೆ. ಬಸ್ಸಿಲ್ಲ, ಬೆವರಿಲ್ಲ, ಲುಂಗಿಯಲ್ಲೇ ಮೀಟಿಂಗು, ಕೈಚಾಚಿದರೆ ಅಡುಗೆಮನೆ. ಖುಷಿಪಡಬಾರದಿತ್ತು ಎಂದು ನಾನು ಹೇಳುವುದಿಲ್ಲ; ನಾನಾಗಿದ್ದರೂ ಕುಣಿಯುತ್ತಿದ್ದೆ. ಆದರೆ ಎಲ್ಲಿಂದ ಬೇಕಾದರೂ ಮಾಡಬಹುದಾದ ಕೆಲಸವನ್ನು ಯಾರಿಂದ ಬೇಕಾದರೂ ಮಾಡಿಸಬಹುದು ಎಂಬ ಇಷ್ಟು ಸಣ್ಣ ವಿಷಯ ಅಷ್ಟೊಂದು ಓದಿದವರಿಗೆ ಹೊಳೆಯಲಿಲ್ಲವೇ? ಆಫೀಸು ಮುಚ್ಚಿತು ಎಂದು ನೀವು ಸಂಭ್ರಮಪಟ್ಟಿರಿ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎನ್ನುವ ಹಾಗೆ ಅದು ಮಲಗುವ ಕೋಣೆಗೇ ಬಂದು ಕೂತಿತು. ಕುರ್ಚಿ ನಿಮ್ಮದು, ಕರೆಂಟು ನಿಮ್ಮದು, ಸೂರು ನಿಮ್ಮದು, ಬೆನ್ನುನೋವೂ ನಿಮ್ಮದೇ. ದೊಡ್ಡ ಊರುಗಳಲ್ಲಿ ಬಾಡಿಗೆ ಇಳಿಯಿತು ಎಂದು ಹಿಗ್ಗಿದಿರಂತೆ. ಬಾಡಿಗೆ ಇಳಿಯಿತಲ್ಲ, ಇನ್ನು ಇಷ್ಟು ಸಂಬಳ ಇವರಿಗೆ ಯಾಕೆ ಎಂದು ಅವರೂ ಕೇಳಿದರು.

ಆಗ ಹುಟ್ಟಿದ್ದು ಊರುದರ. ಒಂದು ಊರಿನಲ್ಲಿ ಒಬ್ಬ ಮನುಷ್ಯ ಸಾಯದೆ ಇರಲು ಎಷ್ಟು ಸಾಕು ಎಂಬ ಅಂದಾಜಿಗೆ ಊರುದರ ಎನ್ನುತ್ತಾರೆ. ನಮ್ಮಲ್ಲಿ ಕೂಲಿ ಸಿಗುವುದು ಕೆಲಸಕ್ಕೆ ತಕ್ಕ ಹಾಗಲ್ಲ, ಊರಿಗೆ ತಕ್ಕ ಹಾಗೆ. ಒಬ್ಬ ಮುದುಕಿಯ ಎಡಗಾಲನ್ನು ಅರಸೀಕೆರೆಯವಳು ಒತ್ತಿದರೆ ಒಂದು ಕೂಲಿ, ಅವಳದೇ ಬಲಗಾಲನ್ನು ಇನ್ನಾವುದೋ ದೇಶದವನು ಒತ್ತಿದರೆ ಬೇರೆ ಕೂಲಿ. ದರ ಕಡಿಮೆಯಿರುವ ಊರಿಗೆ ಕೆಲಸ ಮೊದಲು ಬರುತ್ತದೆ, ದರ ಏರಿದರೆ ಬಂದ ಕೆಲಸವೂ ಎದ್ದುಹೋಗುತ್ತದೆ. ಹಾಗಾಗಿ ಪ್ರಪಂಚದ ಊರುಗಳೆಲ್ಲ ನಾ ಅಗ್ಗ ತಾ ಅಗ್ಗ ಎಂದು ಪೈಪೋಟಿಗೆ ಬಿದ್ದಿವೆ. ಪಕ್ಕದ ಊರಿನವರು ಆಸೆಪಟ್ಟು ಒಂದು ಹೆರಿಗೆ ಆಸ್ಪತ್ರೆ ಕಟ್ಟಿಸಿಕೊಂಡರು. ದರ ಏರಿತು, ಕೆಲಸ ಹೋಯಿತು, ಜನ ಗುಳೆ ಹೊರಟರು. ಈಗ ಅಲ್ಲಿ ಆಸ್ಪತ್ರೆ ಇದೆ, ಹೆರುವವರಿಲ್ಲ.

ನಮ್ಮೂರು ಬುದ್ಧಿವಂತರ ಊರು. ನಾವು ಅಗ್ಗ ಸಮಿತಿ ಮಾಡಿಕೊಂಡಿದ್ದೇವೆ. ಊರು ಉದ್ಧಾರವಾಗದ ಹಾಗೆ ಕಾಯುವುದು ಅದರ ಕೆಲಸ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಷಡಕ್ಷರಿ ಎಂಬಾತ ಅದರ ಅಧ್ಯಕ್ಷ. ಒಳ್ಳೆಯವನೇ, ಬಾಯಿ ಸಿಹಿ. ಕೆಲವು ವರ್ಷಗಳ ಹಿಂದೆ ಕರಿಬಸಪ್ಪ ಎಂಬವನು ಸಂತೆಮಾಳದ ಮೂಲೆಯಲ್ಲಿ ದೋಸೆ ಹೋಟೆಲು ತೆರೆದ. ನಾನೂ ಹೋಗಿ ತಿಂದೆ. ಅಬ್ಬಾ, ಆ ಬೆಣ್ಣೆ, ಆ ಗರಿಗರಿ! ಹೆಂಗಸರು ಸೀರೆ ಬದಲಿಸಿಕೊಂಡು ಬಂದು ಕೂತು ತಿನ್ನತೊಡಗಿದರು. ಊರಿನಲ್ಲಿ ಹೋಟೆಲು ನಡೆಯುತ್ತಿದೆ ಎಂದರೆ ಜನರ ಕೈಯಲ್ಲಿ ಮಿಗುತ್ತಿದೆ ಎಂದು ಲೆಕ್ಕ, ದರ ಏರುತ್ತದೆ. ಷಡಕ್ಷರಿ ಸಮಿತಿಯವರನ್ನು ಕಟ್ಟಿಕೊಂಡು ಬಂದು ಹೋಟೆಲಿನ ಮುಂದೆ ಕೈಮುಗಿದು ನಿಂತ. "ಕರಿಬಸಣ್ಣ, ದೋಸೆ ಚೆನ್ನಾಗೈತೆ. ಅದೇ ಕಷ್ಟ ಆಗಿರೋದು ನೋಡು. ನಿನ್ ಹಂಚು ಕಾದ್ರೆ ನಮ್ ಒಲೆ ಆರ್ತದೆ ಕಣಪ್ಪ" ಎಂದ. ಕರಿಬಸಪ್ಪ ಹಂಚನ್ನು ಬೋರಲು ಹಾಕಿದ. ಅವನನ್ನು ಯಾರೂ ಬೈಯಲಿಲ್ಲ. ಮಿಕ್ಕಿದ್ದ ಹಿಟ್ಟನ್ನು ಎಲ್ಲರೂ ಚೊಂಬಿನಲ್ಲಿ ಹಂಚಿಕೊಂಡು ಮನೆಗೆ ಹೋದರು.

ಮನೆಗಳ ಒಳಗಿನ ಬದುಕನ್ನೂ ಸ್ವಲ್ಪ ಹೇಳಬೇಕು. ನಮ್ಮದು ಎರಡು ಕೋಣೆಯ ಮನೆ, ಎರಡು ಕೋಣೆಗೂ ಬೇರೆ ಬೇರೆ ಹಗಲು. ಮಗಳ ಕೋಣೆಯಲ್ಲಿ ಬಡಗಣ ದೇಶವೊಂದರ ಹೊತ್ತು ನಡೆಯುತ್ತದೆ, ಅಳಿಯ ಯೋಗೀಶನ ಕೋಣೆಯಲ್ಲಿ ಪೂರ್ವದ ದ್ವೀಪವೊಂದರದು. ಅವನು ಹಲ್ಲುಜ್ಜುವಾಗ ಇವಳು ಹಾಸಿಗೆ ಕೊಡವುತ್ತಿರುತ್ತಾಳೆ. ಒಂದೇ ಸೂರಿನ ಕೆಳಗಿದ್ದೂ ಒಬ್ಬರ ಮುಖ ಒಬ್ಬರು ನೋಡುವುದು ಸಾರಿಗೆ ಒಗ್ಗರಣೆ ಹಾಕುವಷ್ಟು ಹೊತ್ತು. ಬೆಳಗಾಯಿತಾ, ಊಟ ಆಯಿತಾ ಎಂದು ನೀವು ಬೀದಿಯಲ್ಲಿ ಕೇಳಿಕೊಳ್ಳುತ್ತಿದ್ದಿರಂತೆ. ಈಗ ಹಾಗೆ ಕೇಳಿದರೆ ಯಾವ ಊರಿನ ಬೆಳಗು, ಯಾವ ಹೊತ್ತಿನ ಊಟ ಎಂದು ಮುಖ ನೋಡುತ್ತಾರೆ. ಗಂಡ ಹೆಂಡಿರು ಜಗಳವಾಡಲಿಕ್ಕೂ ಪುರುಸೊತ್ತಿಲ್ಲ. ನನಗೆ ಅದೇ ಹೆಚ್ಚು ಸಂಕಟ, ಜಗಳವಿಲ್ಲದ ಮನೆ ಒಂದು ಮನೆಯೇ?

ನನ್ನ ಮಗಳ ಹೆಸರು ಸಂಪಿಗೆ. ಅವಳ ಕೆಲಸ ಬಡಗಣ ಸಮುದ್ರದ ದಂಡೆಯ ಒಂದು ಊರಿನ ಮುದುಕಿಗೆ ದಿನವೂ ಸ್ನಾನ ಮಾಡಿಸಿ, ತಲೆ ಒರೆಸಿ, ಬಟ್ಟೆ ತೊಡಿಸುವುದು. ಮುದುಕಿಯ ಹೆಸರು ಇಂಗ ಎಂದೇನೋ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಇಂಗವ್ವ ಅಂತಲೇ ಕರೆಯುತ್ತೇವೆ. ಗೋಡೆಯ ಮೇಲಿನ ಪರದೆಯಲ್ಲಿ ನಾನೂ ನೋಡಿದ್ದೇನೆ. ಹತ್ತಿಯ ಹಾಗೆ ಬಿಳಿ ಕೂದಲು, ಹಲ್ಲಿಲ್ಲದ ನಗು, ಕಿಟಕಿಯಾಚೆ ಯಾವಾಗಲೂ ಮಂಜು. ಅವಳಿಗೂ ಮಕ್ಕಳಿದ್ದಾರಂತೆ, ಅವರೂ ಎಲ್ಲೋ ಗವಸು ತೊಟ್ಟು ಕೂತಿದ್ದಾರಂತೆ. ಸಂಪಿಗೆ ಅವಳಿಗೆ ಬಿಸಿ, ಸಾಕು, ಅವ್ವ, ಕತ್ತು ಬಗ್ಗಿಸು ಎಂಬಂಥ ಮಾತುಗಳನ್ನು ಕಲಿಸಿದ್ದಳು. ಇಂಗವ್ವ ನನ್ನ ಮೊಮ್ಮಗಳು ನೀಲಿಯನ್ನು ಎಷ್ಟು ಚೆನ್ನಾಗಿ ಹೆಸರು ಹಿಡಿದು ಕರೆಯುತ್ತಿದ್ದಳೆಂದರೆ ಕೂಸು ಪರದೆಯ ಹಿಂದೆ ಹೋಗಿ ಆ ಅಜ್ಜಿಯನ್ನು ಹುಡುಕುತ್ತಿತ್ತು. ಆ ಮುದುಕಿಯ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಎಷ್ಟು ಬರಿಸಿಕೊಂಡರೂ ಬರುವುದಿಲ್ಲ.

ಒಂದು ಕರಾರಿನ ಅವಧಿಗೆ ನಾವು ಕಟ್ಟು ಎನ್ನುತ್ತೇವೆ. ಒಂದು ಕಟ್ಟು ಅಂದರೆ ಏಳು ವರ್ಷ. ಸಂಪಿಗೆಯ ಕಟ್ಟು ಮುಗಿಯುವ ವರ್ಷ ಅವಳಿಗೆ ಕೈಮರೆವು ಶುರುವಾಯಿತು. ಹೊಸ ಗವಸುಗಳು ಬಹಳ ನಾಜೂಕು. ದೂರದ್ದನ್ನು ಎಷ್ಟು ಚೆನ್ನಾಗಿ ಮುಟ್ಟಿಸುತ್ತವೆ ಎಂದರೆ ಹತ್ತಿರದ್ದನ್ನು ಮುಟ್ಟುವುದು ಕೈಗೆ ಮರೆತುಹೋಗುತ್ತದೆ. ಒಂದು ಮಧ್ಯಾಹ್ನ ಒಲೆಯ ಮೇಲಿಂದ ಇಳಿಸಿದ ಹಿಟ್ಟನ್ನು ಅವಳು ತಣ್ಣೀರು ಮುಟ್ಟಿಕೊಳ್ಳದೆ ಬರಿಗೈಯಲ್ಲಿ ಮುದ್ದೆ ಕಟ್ಟುತ್ತಿದ್ದಳು. ಅಂಗೈ ಪೂರ್ತಿ ಬೊಬ್ಬೆ ಎದ್ದಿತ್ತು. ನಾನು ಕಿರುಚಿಕೊಂಡೆ. ಅವಳು ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಅವ್ವ, ಇಂಗವ್ವನ ನೀರು ಬೆಚ್ಚಗೈತೋ ಸುಡ್ತೈತೋ ಅಲ್ಲಿ ಚೆನ್ನಾಗಿ ಗೊತ್ತಾಗ್ತದೆ. ಇಲ್ಲೇ ಗೊತ್ತಾಗ್ತಿಲ್ಲ" ಎಂದಳು. ನಮ್ಮಲ್ಲಿ ಡಾಕ್ಟರು ಅಂದರೆ ಗೋಡೆಯೊಳಗಿನ ಒಂದು ಧ್ವನಿ. ಅದನ್ನು ಕೇಳಿದೆವು. ಈ ಕಟ್ಟಿಗೇ ಬಿಟ್ಟರೆ ನಿಧಾನವಾಗಿ ಸ್ಪರ್ಶ ಮರಳಬಹುದು, ಇನ್ನೊಂದು ಕಟ್ಟು ಮಾಡಿದರೆ ಜನ್ಮದಲ್ಲಿ ಮರಳುವುದಿಲ್ಲ ಎಂದು ಅದು ಹೇಳಿತು. ಯೋಗೀಶನ ಕೂಲಿಯಲ್ಲೇ ಅರೆಹೊಟ್ಟೆ ಉಂಡರಾಯಿತು, ಬಿಟ್ಟುಬಿಡು ಎಂದು ನಾವೆಲ್ಲ ಅಂದೆವು. ಅವಳೂ ಒಪ್ಪಿದಳು. ಇನ್ನುಳಿದದ್ದು ಬಿಡುಮಾತು ಒಂದೇ.

ಈ ಬಿಡುಮಾತು ನಿಮ್ಮ ಮೊಮ್ಮಕ್ಕಳ ಕಾಲದವರು ಹೋರಾಡಿ ಗಳಿಸಿದ್ದು. ಅದಕ್ಕೆ ಮೊದಲು ಯಾವುದೋ ಭಾಷೆಯಲ್ಲಿ ಏನನ್ನೋ ತೋರಿಸಿ ಬೆರಳು ಒತ್ತಿಸಿಕೊಳ್ಳುತ್ತಿದ್ದರು, ಏಳು ವರ್ಷ ಹೋಗುತ್ತಿತ್ತು. ಕಟ್ಟು ಮುಗಿಯುವ ದಿನ ಇರುತ್ತೀರೋ ಬಿಡುತ್ತೀರೋ ಎಂದು ಕೆಲಸದವರನ್ನು ಅವರ ಸ್ವಂತ ಭಾಷೆಯಲ್ಲೇ ಕೇಳಬೇಕು, ಅವರು ತಮ್ಮ ಬಾಯಿಂದಲೇ ಹೇಳಬೇಕು ಎಂದು ಜನ ಹಠ ಹಿಡಿದರು. ಯಾರೋ ಹೆದರಿಸಿ ಇರುತ್ತೇನೆ ಅನ್ನಿಸಿದ್ದರೆ ಮನಸ್ಸು ಬದಲಿಸಲು ಅವಕಾಶವಿರಲಿ ಎಂದು, ಗವಸು ಕಳಚುವ ಮುಂಚೆ ಕೊನೆಯದಾಗಿ ಆಡಿದ ಮಾತೇ ಊರ್ಜಿತ ಎಂಬ ನಿಯಮವನ್ನೂ ಸೇರಿಸಿಕೊಂಡರು. ಕನ್ನಡದಲ್ಲಿ ಕೆಲಸ ಬಿಡುವ ಹಕ್ಕು! ಬಾವುಟ ಹಿಡಿದು ಮೆರವಣಿಗೆ ಮಾಡಿದರಂತೆ, ಬೆಲ್ಲ ಹಂಚಿದರಂತೆ. ಯಂತ್ರ ನಮ್ಮ ಭಾಷೆಯನ್ನು ಎಲ್ಲಿ ಕಲಿತಿದೆ, ಹೇಗೆ ಕಲಿತಿದೆ ಎಂದು ಆ ಸಂಭ್ರಮದಲ್ಲಿ ಯಾರೂ ಕೇಳಲಿಲ್ಲ.

ಬರ್ತೀನಿ ಎಂಬ ಮಾತನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎದ್ದು ಹೊರಡುವಾಗ ಮಕ್ಕಳು ಬಾಯಿತಪ್ಪಿ ಹೋಗ್ತೀನಿ ಅಂದರೆ, "ಬಿಡ್ತು ಅನ್ನು! ಹೋಗ್ತೀನಿ ಅನ್ಬಾರ್ದು, ಬರ್ತೀನಿ ಅನ್ಬೇಕು" ಎಂದು ಗದರಿಸಿದ ಅಜ್ಜಿ ನಿಮ್ಮ ಮನೆಯಲ್ಲೂ ಇದ್ದಿರಬೇಕು. ಹೋಗುವುದು ಸತ್ತವರ ಕೆಲಸ. ಬದುಕಿರುವವರು ಎಲ್ಲಿಂದ ಎದ್ದರೂ ಬರ್ತೀನಿ ಎಂದೇ ಏಳುವುದು. ಮತ್ತೆ ಈ ಜನ್ಮದಲ್ಲಿ ಆ ಹೊಸಿಲು ತುಳಿಯದಿದ್ದರೂ ಸರಿ. ಯಂತ್ರಕ್ಕೆ ಇದೆಲ್ಲ ಎಲ್ಲಿ ತಿಳಿಯಬೇಕು? ಬರ್ತೀನಿ ಅಂದರೆ ಬರುತ್ತೇನೆ, ಬರುತ್ತೇನೆ ಅಂದರೆ ಕೆಲಸಕ್ಕೆ ಬರುತ್ತೇನೆ ಎಂದೇ ಅದರ ಲೆಕ್ಕ. ಬಿಡ್ತೀನಿ ಎಂದು ಗಟ್ಟಿಯಾಗಿ ಹೇಳಿ, ಗವಸು ಕಳಚುವಾಗ ಸೌಜನ್ಯಕ್ಕೆ ಬರ್ತೀನಿ ಎಂದು ಸೇರಿಸಿ, ಮತ್ತೆ ಏಳು ವರ್ಷ ಸಿಕ್ಕಿಬಿದ್ದವರು ನಮ್ಮ ಬೀದಿಯಲ್ಲೇ ಇದ್ದಾರೆ. ಬೇರೆ ಭಾಷೆಯವರಿಗೆ ಈ ಗ್ರಹಚಾರ ಇದ್ದ ಹಾಗಿಲ್ಲ. ಅವರು ಹೋಗುವಾಗ ಹೋಗುತ್ತೇನೆ ಎಂದೇ ಹೇಳಿ ಹೋಗುತ್ತಾರಂತೆ. ಇದಾದ ಮೇಲೆ ನಮ್ಮೂರಿನಲ್ಲಿ ನೆಂಟರ ಮನೆಯಿಂದಲೂ ಜನ ಮಾತಿಲ್ಲದೆ, ಕದ್ದವರ ಹಾಗೆ ಎದ್ದು ಬರುವುದನ್ನು ಕಲಿತರು.

ಹಾಗಾಗಿ ನಾನು ಸಂಪಿಗೆಗೆ ಪಾಠ ಮಾಡಿಸಿದ್ದೆ. ಬಿಡ್ತೀನಿ ಅನ್ನು, ತುಟಿ ಹೊಲಿದುಕೋ, ಗವಸು ಕಿತ್ತು ಬಿಸಾಡಿ ಎದ್ದು ಬಾ. "ಎಷ್ಟ್ ಸಲ ಹೇಳ್ತೀಯ ಬಿಡವ್ವ, ನಾನೇನ್ ಕೂಸಾ?" ಎಂದು ನಕ್ಕಿದ್ದಳು. ಆ ದಿನ ಕೊನೆಯದಾಗಿ ಒಂದು ಸ್ನಾನ ಮಾಡಿಸಿ ಬಿಡುತ್ತೇನೆ ಎಂದಳು. ಇಂಗವ್ವನ ಬೆನ್ನು ಉಜ್ಜಿದಳು, ತಲೆ ಒರೆಸಿದಳು, ಬಿಳಿ ಕೂದಲನ್ನು ಸಣ್ಣಗೆ ಜಡೆ ಹಾಕಿ ಭುಜದ ಮೇಲೆ ಬಿಟ್ಟಳು. ನೀಲಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ. ಯಂತ್ರ ಕನ್ನಡದಲ್ಲಿ, ಎಷ್ಟು ಸ್ಪಷ್ಟವಾದ ಕನ್ನಡದಲ್ಲಿ, ಇರುವಿರೋ ಬಿಡುವಿರೋ ಎಂದು ಕೇಳಿತು. "ಬಿಡ್ತೀನಿ" ಎಂದಳು. ಬಿಡುವ ಮಾತು ಕೇಳಿಸಿತು ಎಂದಿತು ಅದು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಸಂಪಿಗೆ ತುಟಿ ಬಿಗಿಹಿಡಿದು ಬಲಗೈ ಗವಸು ಕಳಚಿದಳು. ಎಡಗೈಯದನ್ನು ಕಳಚಲು ಹೋದರೆ ಅಲ್ಲಿ ಇಂಗವ್ವ ಆ ಕೈಯ ಬೆರಳುಗಳನ್ನು ಹಿಡಿದುಕೊಂಡಿದ್ದಳು. ಬಿಡು ಎಂದು ಇವಳು ಮೆಲ್ಲಗೆ ಜಗ್ಗಿದಳು. ಮುದುಕಿಗೆ ಅರ್ಥವಾಯಿತು. ಬೆರಳು ಬಿಟ್ಟು, ಇವಳ ಹಣೆಬರಹಕ್ಕೆ ಇವಳೇ ಎಂದೋ ಕಲಿಸಿದ್ದ ಮಾತನ್ನು ನೆನಪು ಮಾಡಿಕೊಂಡು, ಹಕಾರ ಹೊರಳದೆ ನಮ್ಮ ಕಡೆಯವರ ಹಾಗೆಯೇ, "ಓಗಿ ಬಾ, ಮಗ" ಎಂದಳು.

ಹಿರಿಯರು ಹೋಗಿ ಬಾ ಅಂದರೆ ಕನ್ನಡದವರ ಬಾಯಿ ಯಾರ ಅಪ್ಪಣೆಗೂ ಕಾಯುವುದಿಲ್ಲ. "ಬರ್ತೀನಿ ಅವ್ವ" ಎಂದಳು ನನ್ನ ಮಗಳು. ಹೇಳುವಾಗಲೇ ಗವಸು ಜಾರಿ ಕೆಳಗೆ ಬಿತ್ತು. ಬರುವ ಮಾತು ಕೇಳಿಸಿತು, ವಂದನೆಗಳು ಎಂದು ಹೇಳಿ ಯಂತ್ರ ಕಿವಿ ಮುಚ್ಚಿಕೊಂಡಿತು. ಅಯ್ಯೋ ನನ್ನ ಶಿವನೇ! ನಾನು ಬಾಯಿ ಬಡಿದುಕೊಂಡೆ. ಗೋಡೆ ಗುದ್ದಿದೆ, ಆ ಯಂತ್ರದ ಏಳು ತಲೆಮಾರನ್ನು ಬೈದೆ, ನಾನು ಹೆದರಿಸಿದ್ದಕ್ಕೆ ಕೂಸು ಅಳತೊಡಗಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಪಿಗೆ ಬರಿಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. "ಅಂದ್ಬಿಟ್ಟೆ ಕಣವ್ವ" ಎಂದಳು.

ದೂರು ಕೊಟ್ಟೆವು. ದೂರು ಕೇಳುವುದೂ ಒಂದು ಯಂತ್ರವೇ, ಅದಕ್ಕೆ ಆಲಿಸುಕಟ್ಟೆ ಎಂಬ ಚೆಂದದ ಹೆಸರು. ಬರು ಎಂಬುದು ಧಾತು, ಬರುತ್ತೇನೆ ಎಂಬುದು ಮುಂದೆ ಆಗಲಿರುವುದನ್ನು ಹೇಳುವ ಉತ್ತಮ ಪುರುಷದ ರೂಪ, ಈ ಅರ್ಥವನ್ನು ಕನ್ನಡದವರೇ ನಮಗೆ ಹೇಳಿಕೊಟ್ಟಿದ್ದಾರೆ ಎಂದು ಅದು ಉತ್ತರ ಕೊಟ್ಟಿತು. ಇನ್ನೊಮ್ಮೆ ದೂರು ಬರೆಸೋಣ ಎಂದುಕೊಳ್ಳುವಷ್ಟರಲ್ಲಿ ಷಡಕ್ಷರಿ ಮನೆಗೆ ಬಂದ. ತಕರಾರು ಹೆಚ್ಚಾದರೆ ಊರುದರಕ್ಕೆ ಅದೂ ಸೇರುತ್ತದಂತೆ, ಜಗಳಗಂಟಿ ಊರು ಎಂದು ಕೆಲಸ ಬೇರೆ ಕಡೆ ಹೋಗುತ್ತದಂತೆ. "ಹಾಲಕ್ಕ, ನಿಮ್ ಮಗಳು ಒಬ್ಳು. ಊರಲ್ಲಿ ಎಷ್ಟ್ ಮನೆ ಐತೆ ಒಸಿ ಯೋಚ್ನೆ ಮಾಡಿ" ಎಂದು ಕೈಮುಗಿದ. "ನಿನ್ ಮನೆ ಹಾಳಾಗ, ಎದ್ದೋಗು" ಎಂದೆ. ಎದ್ದುಹೋದ. ಆದರೆ ಎರಡನೆಯ ದೂರನ್ನು ಕೊಡಲು ನನ್ನ ಮಗಳೇ ಬಿಡಲಿಲ್ಲ. ಊರಿನ ಒಲೆಗಳು ಅವಳ ಕಣ್ಣಿಗೂ ಕಾಣುತ್ತವೆ. ಆ ಕಡೆ ಇಂಗವ್ವ ತನಗೋಸ್ಕರವೇ ಇವಳು ಉಳಿದುಕೊಂಡಳು ಎಂದು ತಿಳಿದು ಸಂತೋಷದಿಂದ ಅತ್ತಳಂತೆ. ಹಾಗಲ್ಲ ತಾಯಿ ಎಂದು ಅವಳಿಗೆ ಯಾರು ಹೇಳುತ್ತಾರೆ, ನಾನಂತೂ ಹೇಳಲಾರೆ.

ಈಗ ನನ್ನ ಕೋರಿಕೆ. ಹೆಚ್ಚೇನೂ ಕೇಳುವುದಿಲ್ಲ. ಆಫೀಸುಗಳನ್ನು ಮತ್ತೆ ತೆರೆಯಿರಿ ಎಂದು ಕೇಳಿದರೆ ನೀವು ತೆರೆಯುವುದಿಲ್ಲ; ಬಸ್ಸಿನಲ್ಲಿ ನೇತಾಡಿ ಎಂದು ನಿಮಗೆ ಹೇಳಲು ನನಗೂ ಬಾಯಿ ಬರುವುದಿಲ್ಲ. ನಿಮ್ಮಲ್ಲಿ ಒಬ್ಬರು, ಗಂಡಸೋ ಹೆಂಗಸೋ ಕಾಣೆ, ಮನೆಯಲ್ಲಿ ಕೂತು ಯಂತ್ರಕ್ಕೆ ಕನ್ನಡ ಕಲಿಸುತ್ತಿದ್ದೀರಿ. ಪದಕ್ಕೆ ಇಷ್ಟು ಎಂದು ನಿಮಗೆ ಕೂಲಿ. ಪಕ್ಕದಲ್ಲಿ ಕಾಫಿ ಆರುತ್ತಿರಬಹುದು, ಕುಕ್ಕರ್ ಕೂಗುತ್ತಿರಬಹುದು. ಬರ್ತೀನಿ ಎಂಬ ಪದ ಪರದೆಗೆ ಬಂದಾಗ ಬರುತ್ತೇನೆ ಎಂದು ಅರ್ಥ ತುಂಬಿ ಮುಂದಿನದಕ್ಕೆ ಹೋಗುತ್ತೀರಿ. ಅದು ತಪ್ಪಲ್ಲ, ವ್ಯಾಕರಣದ ಮೇಷ್ಟ್ರು ಬಂದರೂ ಸರಿ ಎನ್ನುತ್ತಾರೆ. ಆ ಪದದ ಹತ್ತಿರ ಒಂದು ಗಳಿಗೆ ನಿಲ್ಲಿ. ಕನ್ನಡದವರು ಬಿಟ್ಟು ಹೊರಡುವಾಗಲೂ ಇದನ್ನೇ ಅನ್ನುತ್ತಾರೆ, ಇದನ್ನು ಕೇಳಿ ಯಾರನ್ನೂ ಕಟ್ಟಿಹಾಕಬೇಡಿ ಎಂದು ಒಂದು ಸಾಲು ಸೇರಿಸಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಒಂದೇ ಒಂದು ಸಾಲು.

ನೀವು ಸೇರಿಸುವುದಿಲ್ಲ ಎಂದೂ ನನಗೆ ಗೊತ್ತು. ಸೇರಿಸಿದ್ದರೆ ನಾನು ಇದನ್ನು ಬರೆಯುವಷ್ಟರಲ್ಲಿ ಇಲ್ಲಿ ಏನಾದರೂ ಬದಲಾಗಬೇಕಿತ್ತು. ಇವತ್ತೂ ಅವಳು ಗವಸು ತೊಟ್ಟಳು, ಇವತ್ತೂ ಇಂಗವ್ವನ ನೀರಿನ ಬಿಸಿ ನೋಡಿದಳು. ಅರ್ಥ ತುಂಬುವಾಗ ನಿಂತು ಯೋಚಿಸುವವರಿಗೆ ದಿನದ ಕೂಲಿ ಗಿಟ್ಟುವುದಿಲ್ಲ, ನಿಮ್ಮ ಊರುದರವೂ ಆಗಲೇ ಶುರುವಾಗಿರಬೇಕು. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಆದರೆ ನಿಮ್ಮ ಮನೆಯ ಅಕ್ಕಿ ಡಬ್ಬವನ್ನು ನಾನು ಕಂಡವಳಲ್ಲ.

ಇನ್ನೂ ಬರೆಯುವುದಿತ್ತು. ನೀಲಿ ಬೆಳಗಿನಿಂದ ಮಂಕಾಗಿದ್ದಾಳೆ, ಹಾಲು ಮುಟ್ಟಿಲ್ಲ. ಸಂಪಿಗೆ ಬಿಡುವಿನ ಹೊತ್ತಿನಲ್ಲಿ ಹೊರಗೆ ಬಂದು ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಅದರ ಹಣೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಾಳೆ. "ಅವ್ವ, ಬರಿಯೋದು ಆಮೇಲ್ ಬರಿವಂತೆ. ಬಾ ಇಲ್ಲಿ, ಸುಡ್ತೈತಾ ಮುಟ್ಟಿ ಹೇಳು" ಎಂದು ಕರೆಯುತ್ತಿದ್ದಾಳೆ. ನನಗೂ ವಯಸ್ಸಾಯಿತು, ನನ್ನ ನಂತರ ಇವಳಿಗೆ ಯಾರು ಮುಟ್ಟಿ ಹೇಳುತ್ತಾರೋ ತಿಳಿಯದು.

ನೋಡಿ ಬಂದೆ. ಕೂಸಿನ ಮೈ ಕೆಂಡವಾಗಿದೆ. ಅವಳು ಕೈ ಇಟ್ಟುಕೊಂಡೇ ಕೂತಿದ್ದಳು.

ಹಾಲಮ್ಮ